ಕೊಳವೆಯೊಳಗಿನ ಹೂಳು ಮತ್ತು ನೀರಿನ ವೇಗ

ನೀರು ಸರಬರಾಜಿನ ಕೊಳವೆಜಾಲವನ್ನು ನಿರ್ವಹಿಸುವುದು ನನ್ನ ವೃತ್ತಿ. ನೀರು ಬರುತ್ತಿಲ್ಲ ಎಂಬ ದೂರನ್ನು ಬಿಟ್ಟರೆ ನಾವು ಹೆಚ್ಚಾಗಿ ಕೇಳುವುದು ನೀರು ಕೆಂಪಾಗಿ, ಬಗ್ಗಡವಾಗಿ ಅಥವಾ ಮರಳು ಬೆರೆತು ಬರುತ್ತಿದೆ ಎಂಬ ದೂರನ್ನು. ಅದು ಬಂದೊಡನೆ ಬಹುತೇಕರಿಗೆ ಹೊಳೆಯುವ ಪರಿಹಾರ ಫಿಲ್ಟರ್. ಫಿಲ್ಟರಿಗೆ ಅದರದೇ ಸ್ಥಾನವಿದೆ, ಅದನ್ನು ಮುಂದೆ ವಿವರಿಸುತ್ತೇನೆ. ಆದರೆ ಹೂಳು ಯಾವ ವಸ್ತುವಿನದು, ಎಲ್ಲಿ ಹುಟ್ಟಿತು, ನೀರು ಯಾವ ವೇಗದಲ್ಲಿ ಹರಿಯುವಾಗ ಕೂತಿತು, ಯಾವ ವೇಗದಲ್ಲಿ ಮತ್ತೆ ಎದ್ದಿತು ಎಂಬುದು ತಿಳಿಯುವ ಮೊದಲೇ ಕೂರಿಸಿದ ಫಿಲ್ಟರ್ ಒಂದೋ ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತದೆ, ಇಲ್ಲವೇ ಏನನ್ನೂ ತಡೆಯದೆ ಸುಮ್ಮನೆ ಒತ್ತಡವನ್ನು ಕಡಿಮೆ ಮಾಡುತ್ತದೆ. ಈ ಕೆಲಸದಲ್ಲಿ ನಾನು ಕಲಿತ ಪಾಠಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ.

ಹಾಗಾಗಿ ಮೊದಲು ಹೂಳನ್ನು ಗುರುತಿಸಬೇಕು. ದೂರು ಬಂದ ನಲ್ಲಿಯಿಂದ ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿದು, ಅಲುಗಾಡಿಸದೆ ಒಂದು ರಾತ್ರಿ ಇಟ್ಟು ನೋಡುವುದು ಅತಿ ಸುಲಭದ ಪರೀಕ್ಷೆ, ಮತ್ತು ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು. ಮರಳಾದರೆ ಬಾಟಲಿಯನ್ನು ಕೆಳಗಿಡುವಷ್ಟರಲ್ಲಿಯೇ ತಳ ಸೇರುತ್ತದೆ. ತುಕ್ಕಿನ ಪುಡಿ ಕೆಲವು ಗಂಟೆಗಳಲ್ಲಿ ಕಂದು ಪದರವಾಗಿ ಕೂರುತ್ತದೆ. ನಯವಾದ ಜೇಡಿ ಮರುದಿನವೂ ನೀರಿನಲ್ಲಿ ತೇಲಾಡುತ್ತಿರುತ್ತದೆ. ತಳದ ಗಸಿಯನ್ನು ಬೆರಳುಗಳ ನಡುವೆ ತಿಕ್ಕಿದಾಗ ಕರಕರ ಎಂದರೆ ಮರಳು, ಕಂದು ಬಣ್ಣ ಬಳಿದುಕೊಂಡರೆ ಕಬ್ಬಿಣದ ತುಕ್ಕು, ಕಪ್ಪಾಗಿ ಜಾರುವಂತಿದ್ದರೆ ಬಹುಪಾಲು ಮ್ಯಾಂಗನೀಸ್. ಬಿಳಿ ಚಕ್ಕೆಗಳ ಮೇಲೆ ವಿನೆಗರ್ ಹಾಕಿದಾಗ ಗುಳ್ಳೆಯೆದ್ದರೆ ಅದು ಗಡಸು ನೀರು ಬಿಟ್ಟ ಸುಣ್ಣದ ಪದರ.

ಇದೇ ಬಾಟಲಿ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ಕೊಳವೆಬಾವಿಯ ನೀರು ಹಿಡಿದಾಗ ತಿಳಿಯಾಗಿದ್ದು ಬೆಳಗಾಗುವಷ್ಟರಲ್ಲಿ ಕೆಂಪಾಗಿದ್ದರೆ, ಅದರಲ್ಲಿ ಕಬ್ಬಿಣ ಕರಗಿದ ರೂಪದಲ್ಲಿತ್ತು ಮತ್ತು ಗಾಳಿಯ ಆಮ್ಲಜನಕ ತಗುಲಿದ ಮೇಲೆ ಗಟ್ಟಿ ಕಣವಾಯಿತು ಎಂದರ್ಥ. ಕರಗಿದ ಕಬ್ಬಿಣವನ್ನು 5 ಮೈಕ್ರಾನಿನ (1 ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಕಾರ್ಟ್ರಿಜ್ (ಫಿಲ್ಟರಿನೊಳಗಿನ, ಬದಲಿಸಬಹುದಾದ ಸೋಸುವ ಭಾಗ) ಆಗಲಿ 1 ಮೈಕ್ರಾನಿನದಾಗಲಿ ತಡೆಯಲಾರದು. ಉಪ್ಪು ಕರಗಿದ ನೀರು ಬಟ್ಟೆಯಿಂದ ಇಳಿದುಹೋಗುವಂತೆ ಅದು ಇಳಿದುಹೋಗಿ, ಫಿಲ್ಟರ್ ದಾಟಿದ ಮೇಲೆ ತೊಟ್ಟಿಯಲ್ಲಿ ಹೂಳಾಗುತ್ತದೆ. ಇಲ್ಲಿ ಮೊದಲು ಗಾಳಿಯಾಡಿಸಿ ಅಥವಾ ಕ್ಲೋರಿನ್ ಬೆರೆಸಿ ಕಬ್ಬಿಣವನ್ನು ಕಣವಾಗಿಸಬೇಕು, ಅದು ಪೂರ್ತಿಯಾಗಲು ಸಮಯ ಕೊಡಬೇಕು, ಆಮೇಲೆ ಸೋಸಬೇಕು. ಈ ಕ್ರಮ ತಪ್ಪಿದರೆ ಎಷ್ಟು ದುಬಾರಿಯ ಉಪಕರಣ ಹಾಕಿದರೂ ಪ್ರಯೋಜನವಿಲ್ಲ.

ಕಣಗಳು ನೀರಿನಲ್ಲಿ ಇಳಿಯುವ ವೇಗವನ್ನು ಲೆಕ್ಕ ಹಾಕಲು 19ನೆಯ ಶತಮಾನದ ವಿಜ್ಞಾನಿ ಜಾರ್ಜ್ ಸ್ಟೋಕ್ಸ್ ಕೊಟ್ಟ ನಿಯಮವನ್ನೇ ನಾವು ಇಂದಿಗೂ ಬಳಸುತ್ತೇವೆ. ಅದರ ಪ್ರಕಾರ ಸಣ್ಣ ಕಣವೊಂದು ಇಳಿಯುವ ವೇಗ ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆ: ವ್ಯಾಸ ಹತ್ತನೆಯ ಒಂದು ಪಾಲಾದರೆ ವೇಗ ನೂರನೆಯ ಒಂದು ಪಾಲಾಗುತ್ತದೆ. 0.1 ಮಿಲಿಮೀಟರಿನ ಮರಳಿನ ಕಣ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಸಾಕು. ಅದೇ ಸಾಂದ್ರತೆಯ 10 ಮೈಕ್ರಾನಿನ ಕಣಕ್ಕೆ ಸುಮಾರು ಮೂರು ಗಂಟೆ ಬೇಕು. 1 ಮೈಕ್ರಾನಿನ ಕಣಕ್ಕೆ ಹನ್ನೆರಡು ದಿನಗಳಾದರೂ ಹಿಡಿಯುತ್ತದೆ. ತೊಟ್ಟಿಯಲ್ಲಿ ನೀರನ್ನು ನಿಲ್ಲಿಸಿದರೆ ಎಲ್ಲವೂ ತಿಳಿಯಾಗುತ್ತದೆ ಎಂದು ಹೇಳುವವರಿಗೆ ನಾನು ಈ ಅಂಕಿಗಳನ್ನು ತೋರಿಸುತ್ತೇನೆ. ಮರಳಿಗೆ ಆ ಮಾತು ಸರಿ. ಜೇಡಿಗೆ ಪಟಿಕದಂಥ ವಸ್ತು ಬೆರೆಸಿ ಕಣಗಳನ್ನು ಒಂದಕ್ಕೊಂದು ಅಂಟಿಸದ ಹೊರತು ಆಗದು.

ಕೊಳವೆಯೊಳಗೆ ಇದೇ ನಿಯಮ ಹರಿವಿನೊಂದಿಗೆ ಸೇರಿ ಕೆಲಸ ಮಾಡುತ್ತದೆ. ಬಳಕೆ ಕಡಿಮೆಯಿರುವ ರಾತ್ರಿಯಲ್ಲಿ ವಿತರಣಾ ಕೊಳವೆಯ ನೀರು ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ಸಾಗುತ್ತದೆ ಅಥವಾ ನಿಂತೇ ಇರುತ್ತದೆ, ಆಗ ನಯವಾದ ಕಣಗಳೂ ಒಂದಿಷ್ಟು ಕೂರುತ್ತವೆ. ಬೆಳಿಗ್ಗೆ ಎಲ್ಲರೂ ಒಮ್ಮೆಲೇ ನಲ್ಲಿ ತೆರೆದಾಗ ವೇಗ ಏರಿ, ಕೂತದ್ದರಲ್ಲಿ ಒಂದು ಪಾಲು ಏಳುತ್ತದೆ. ಪ್ರತಿದಿನ ಕೂತದ್ದು ಪ್ರತಿದಿನ ಏಳುವಷ್ಟು ವೇಗವಿದ್ದರೆ ಗಸಿ ಸಂಗ್ರಹವಾಗುವುದಿಲ್ಲ, ಕಣ್ಣಿಗೆ ಕಾಣುವಷ್ಟು ಬಗ್ಗಡವೂ ಆಗುವುದಿಲ್ಲ. ನೆದರ್‌ಲ್ಯಾಂಡ್ಸಿನ ನೀರು ತಂತ್ರಜ್ಞರು ಈ ತತ್ತ್ವದ ಮೇಲೆಯೇ ತಮ್ಮ ಕೊಳವೆಜಾಲಗಳನ್ನು ವಿನ್ಯಾಸಗೊಳಿಸುತ್ತಾರೆ: ದಿನಕ್ಕೆ ಒಮ್ಮೆಯಾದರೂ ಸೆಕೆಂಡಿಗೆ 0.4 ಮೀಟರ್ ವೇಗ ಬರುವಂತೆ ಕೊಳವೆಯ ವ್ಯಾಸವನ್ನು ಕಿರಿದಾಗಿ ಇಟ್ಟರೆ ಜಾಲ ತನ್ನನ್ನು ತಾನೇ ಸ್ವಚ್ಛಗೊಳಿಸಿಕೊಳ್ಳುತ್ತದೆ ಎಂಬುದು ಅವರ ಅನುಭವ. ಮುಂದೆ ಬೇಕಾದೀತೆಂದು ಅಗತ್ಯಕ್ಕಿಂತ ದೊಡ್ಡ ಕೊಳವೆ ಹಾಕುವುದು ದೂರದೃಷ್ಟಿಯಂತೆ ಕಾಣುತ್ತದೆ. ಹೂಳಿನ ದೃಷ್ಟಿಯಿಂದ ಅದು ಹಾನಿಕರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ನೋಡಿಕೊಳ್ಳುತ್ತಿದ್ದ ಜಾಲವೊಂದರಲ್ಲಿ ಒಂದೇ ಒಂದು ಕವಲಿನ ಮನೆಗಳಿಗೆ ಮಾತ್ರ ಪಂಪ್ ಮರುಚಾಲನೆಯಾದ ಪ್ರತಿ ಸಲವೂ ಕೆಂಪು ನೀರು ಬರುತ್ತಿತ್ತು. ಅಕ್ಕಪಕ್ಕದ ಕವಲುಗಳಲ್ಲಿ ಅದೇ ವಯಸ್ಸಿನ, ಅದೇ ಲೋಹದ ಕೊಳವೆಗಳಿದ್ದರೂ ನೀರು ತಿಳಿಯಾಗಿತ್ತು. ಮನೆಮನೆಗೂ ಫಿಲ್ಟರ್ ಹಾಕಿಸುವ ಮಾತು ನಡೆದಿತ್ತು. ನಕ್ಷೆಯನ್ನು ಹಿಡಿದು ಒಂದೊಂದೇ ವಾಲ್ವನ್ನು ತಿರುಗಿಸಿ ನೋಡುತ್ತಾ ಹೋದಾಗ, ಹಿಂದೆ ಯಾವುದೋ ದುರಸ್ತಿಯ ಸಂದರ್ಭದಲ್ಲಿ ಮುಚ್ಚಿದ್ದ ವಾಲ್ವೊಂದು ಮುಚ್ಚಿಯೇ ಉಳಿದಿದ್ದುದು ತಿಳಿಯಿತು. ಎರಡೂ ಕಡೆಯಿಂದ ನೀರು ಪಡೆಯಬೇಕಿದ್ದ ಕವಲು ಹೀಗೆ ಮುಚ್ಚಿದ ತುದಿಯಾಗಿತ್ತು; ನೀರು ನಿಧಾನವಾಗಿ, ಹಿಂದಿಗಿಂತ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತಿತ್ತು. ಹರಿವಿನ ದಿಕ್ಕು ಬದಲಾದಾಗ, ಹಳೆಯ ದಿಕ್ಕಿಗೆ ಹೊಂದಿಕೊಂಡು ಕೂತಿದ್ದ ತುಕ್ಕಿನ ಪದರ ಸಡಿಲಗೊಳ್ಳುತ್ತದೆ. ಒಳಗೆ ಸೇರಿದ್ದ ಗಸಿಯನ್ನು ಮೊದಲು ಹೊರಹಾಕಿ, ನಂತರ ವಾಲ್ವನ್ನು ನಿಧಾನವಾಗಿ ತೆರೆದ ಮೇಲೆ ದೂರು ನಿಂತಿತು, ಫಿಲ್ಟರಿನ ಅಗತ್ಯವೇ ಬೀಳಲಿಲ್ಲ. ಅಂದಿನಿಂದ, ಹೂಳಿನ ದೂರು ಯಾವ ಪ್ರದೇಶದಿಂದ ಬಂದರೂ ಅಲ್ಲಿನ ವಾಲ್ವ್‌ಗಳ ಸ್ಥಿತಿಯನ್ನು ಮೊದಲು ಪರಿಶೀಲಿಸುವುದನ್ನು ನಾನು ನಿಯಮವಾಗಿಸಿಕೊಂಡಿದ್ದೇನೆ.

ಕೂತ ಹೂಳನ್ನು ಹೊರಹಾಕುವ ಮುಖ್ಯ ವಿಧಾನ ಫ್ಲಶಿಂಗ್, ಅಂದರೆ ರಭಸದ ನೀರಿನಿಂದ ಕೊಳವೆಯನ್ನು ತೊಳೆಯುವುದು. ತುದಿಯ ವಾಲ್ವ್ ತೆರೆದು ಒಂದಷ್ಟು ಹೊತ್ತು ನೀರು ಬಿಡುವುದನ್ನೇ ಹಲವರು ಫ್ಲಶಿಂಗ್ ಎನ್ನುತ್ತಾರೆ. ಎಲ್ಲ ವಾಲ್ವ್‌ಗಳೂ ತೆರೆದಿರುವಾಗ ನೀರು ಹಲವು ದಾರಿಗಳಿಂದ ಬಂದು ಸೇರುವುದರಿಂದ ಯಾವ ಕೊಳವೆಯಲ್ಲೂ ಸಾಕಷ್ಟು ವೇಗ ಬರುವುದಿಲ್ಲ. ಗಸಿ ಅರೆಬರೆ ಎದ್ದು, ಮನೆಗಳ ಕಡೆಗೆ ಸಾಗಿ, ತೊಂದರೆ ಹೆಚ್ಚುತ್ತದೆ. ಸರಿಯಾದ ಕ್ರಮದಲ್ಲಿ ಅಡ್ಡದಾರಿಗಳ ವಾಲ್ವ್‌ಗಳನ್ನು ಮುಚ್ಚಿ, ನೀರು ಒಂದೇ ಕೊಳವೆಯಲ್ಲಿ ಒಂದೇ ದಿಕ್ಕಿನಿಂದ ಬರುವಂತೆ ಮಾಡಿ, ಮೂಲದ ಹತ್ತಿರದ ದೊಡ್ಡ ಕೊಳವೆಯಿಂದ ಆರಂಭಿಸಿ ದೂರದ ಸಣ್ಣ ಕೊಳವೆಗಳ ಕಡೆಗೆ ಹೋಗಬೇಕು. ಆಗ ತೊಳೆಯಲು ಬಳಸುವ ನೀರು ಸದಾ ಈಗಾಗಲೇ ತೊಳೆದ ಕೊಳವೆಯ ಮೂಲಕವೇ ಬರುತ್ತದೆ.

ವೇಗ ಸೆಕೆಂಡಿಗೆ 1.5 ಮೀಟರಿನ ಆಸುಪಾಸಿನಲ್ಲಿ ಇರಬೇಕೆಂಬುದು ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಅನುಸರಿಸುವ ಗುರಿ. ಇದಕ್ಕೆ 100 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ಸೆಕೆಂಡಿಗೆ ಸುಮಾರು 12 ಲೀಟರ್, 150 ಮಿಲಿಮೀಟರಿಗೆ ಸುಮಾರು 26 ಲೀಟರ್, 300 ಮಿಲಿಮೀಟರಿಗೆ ನೂರು ಲೀಟರಿಗೂ ಹೆಚ್ಚು ನೀರು ಬೇಕು. ವ್ಯಾಸ ಇಮ್ಮಡಿಯಾದರೆ ನೀರು ನಾಲ್ಮಡಿ ಬೇಕಾಗುವುದರಿಂದ, ದೊಡ್ಡ ಕೊಳವೆಗಳನ್ನು ಬರೀ ನೀರಿನಿಂದ ತೊಳೆಯುವುದು ಅನೇಕ ವೇಳೆ ಸಾಧ್ಯವಾಗುವುದಿಲ್ಲ. ಎಷ್ಟು ಹೊತ್ತು ತೊಳೆಯಬೇಕೆಂಬುದಕ್ಕೂ ಲೆಕ್ಕವಿದೆ: 100 ಮಿಲಿಮೀಟರಿನ, 500 ಮೀಟರ್ ಉದ್ದದ ಕೊಳವೆ ಹಿಡಿಯುವುದು ಸುಮಾರು 3,900 ಲೀಟರ್, ಮೇಲಿನ ವೇಗದಲ್ಲಿ ಅದು ಒಮ್ಮೆ ಪೂರ್ತಿ ಬದಲಾಗಲು ಐದೂವರೆ ನಿಮಿಷ ಬೇಕು. ಎರಡು ಮೂರು ಸಲ ಬದಲಾಗುವವರೆಗೆ ಬಿಟ್ಟು, ಹೊರಬರುವ ನೀರಿನ ಕದಡನ್ನು ಮಾಪಕದಿಂದ ಅಳೆದು ನಿಲ್ಲಿಸಬೇಕು. ಕದಡನ್ನು ಅಳೆಯುವ ಮಾನ ಎನ್‌ಟಿಯು. ಬರಿಗಣ್ಣಿಗೆ ಬಗ್ಗಡ ಕಾಣತೊಡಗುವುದು ಸುಮಾರು 4 ಎನ್‌ಟಿಯು ದಾಟಿದ ಮೇಲೆ. ಸೋಂಕು ನಿವಾರಣೆಗೆ ಮುನ್ನ 1 ಎನ್‌ಟಿಯುಗಿಂತ ಕಡಿಮೆ ಇರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡೊಡನೆ ವಾಲ್ವ್ ಮುಚ್ಚುವುದು ಸರಿಯಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಹೂಳು ಕ್ಲೋರಿನ್ನನ್ನು ತಿಂದುಹಾಕುತ್ತದೆ, ಸೂಕ್ಷ್ಮಜೀವಿಗಳಿಗೆ ಮರೆಯನ್ನೂ ಒದಗಿಸುತ್ತದೆ.

ಫ್ಲಶಿಂಗ್ ಮಾಡುವವರ ಸುರಕ್ಷತೆಗೂ ಜಾಲದ ಸುರಕ್ಷತೆಗೂ ಸಂಬಂಧಿಸಿದ ಎರಡು ವಿಷಯಗಳಲ್ಲಿ ರಿಯಾಯಿತಿ ಕೊಡಬಾರದು. ಮೊದಲನೆಯದು, ವಾಲ್ವನ್ನು ಥಟ್ಟನೆ ಮುಚ್ಚಬಾರದು. ಲೋಹದ ಕೊಳವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ಹರಿವನ್ನು ಒಮ್ಮೆಲೇ ನಿಲ್ಲಿಸಿದರೆ ಒತ್ತಡ 10 ಬಾರ್‌ಗೂ ಹೆಚ್ಚು ಏರಬಲ್ಲದು. ಆ ಹೊಡೆತಕ್ಕೆ ಹಳೆಯ ಕೀಲುಗಳು ಒಡೆಯುವುದಲ್ಲದೆ ಗೋಡೆಗೆ ಅಂಟಿದ್ದ ತುಕ್ಕು ಕಳಚಿ ಹೊಸ ಹೂಳಾಗುತ್ತದೆ. ಎರಡನೆಯದು, ಒಂದು ಕಡೆ ಬಹಳ ನೀರು ಬಿಟ್ಟು ಇನ್ನೊಂದು ಕಡೆ ಒತ್ತಡ ಶೂನ್ಯಕ್ಕಿಂತ ಕೆಳಗಿಳಿಯಲು ಬಿಡಬಾರದು. ಸೋರುವ ಕೀಲುಗಳಿರುವ ಜಾಗದಲ್ಲಿ ಹೊರಗಿನ ಕೊಳೆನೀರು ಒಳಗೆ ಎಳೆದುಕೊಳ್ಳುವುದು ಆಗಲೇ. ಕ್ಲೋರಿನ್ ಇರುವ ನೀರನ್ನು ನೇರವಾಗಿ ಹಳ್ಳಕ್ಕೋ ಕೆರೆಗೋ ಬಿಟ್ಟರೆ ಮೀನುಗಳಿಗೆ ಹಾನಿಯಾಗುತ್ತದೆ ಎಂಬುದನ್ನೂ ನೆನಪಿಡಬೇಕು.

ನೀರಿನ ರಭಸ ಸಾಲದಿದ್ದಾಗ ಬೇರೆ ವಿಧಾನಗಳಿವೆ. ನೊರೆಸ್ಪಂಜಿನ ಉಂಡೆಗಳನ್ನು ಕೊಳವೆಯೊಳಗೆ ನೀರಿನ ಒತ್ತಡದಿಂದ ತಳ್ಳಬಹುದು, ನೀರಿನೊಂದಿಗೆ ಗಾಳಿಯನ್ನು ಬಿಟ್ಟುಬಿಟ್ಟು ಹಾಯಿಸಬಹುದು. ಉಪ್ಪು ಬೆರೆಸಿದ ಮಂಜುಗಡ್ಡೆಯ ಗಟ್ಟಿ ಗಂಜಿಯನ್ನು ಕೊಳವೆಯಲ್ಲಿ ಸಾಗಿಸುವ ವಿಧಾನವೂ ಇದೆ. ಎಲ್ಲೋ ಸಿಕ್ಕಿಕೊಂಡರೂ ಕರಗಿಹೋಗುವುದು ಅದರ ದೊಡ್ಡ ಅನುಕೂಲ.

ಹೂಳು ಒಳಗೆ ಬರುವ ದಾರಿಗಳನ್ನು ಮುಚ್ಚುವುದು ಇಷ್ಟೇ ಮುಖ್ಯ. ಕೊಳವೆಬಾವಿಯಿಂದ ಪಂಪ್ ಆರಂಭವಾದಾಗ ಮಾತ್ರ ಸ್ವಲ್ಪ ಹೊತ್ತು ಮರಳು ಬಂದರೆ ಆ ಮೊದಲ ನೀರನ್ನು ಹೊರಗೆ ಬಿಡುವ ವ್ಯವಸ್ಥೆ ಸಾಕಾಗಬಹುದು. ನಿರಂತರವಾಗಿ ಬರುತ್ತಿದ್ದರೆ ಬಾವಿಯ ಸಾಮರ್ಥ್ಯಕ್ಕಿಂತ ಹೆಚ್ಚು ನೀರು ಎತ್ತುತ್ತಿರಬಹುದು, ಇಲ್ಲವೇ ಒಳಗಿನ ಜಾಲರಿ ಕೆಟ್ಟಿರಬಹುದು. ತೊಟ್ಟಿಯ ಹೊರಹರಿವಿನ ಕೊಳವೆ ತಳಕ್ಕಿಂತ ಒಂದು ಗೇಣಾದರೂ ಮೇಲಿರಬೇಕು, ತೊಟ್ಟಿಯನ್ನು ಪೂರ್ತಿ ಬರಿದಾಗಲು ಬಿಡಬಾರದು. ದುರಸ್ತಿಯ ವೇಳೆ ತೆರೆದ ಕೊಳವೆಯ ಬಾಯನ್ನು ಮುಚ್ಚದೆ ಬಿಡುವುದಂತೂ ನನಗೆ ಸಹಿಸಲಾಗದ ಸಂಗತಿ. ಅಲ್ಲಿ ಸೇರುವ ಒಂದು ಬುಟ್ಟಿ ಮಣ್ಣು ತಿಂಗಳುಗಟ್ಟಲೆ ಮೀಟರುಗಳನ್ನೂ ನಲ್ಲಿಗಳನ್ನೂ ಕೆಡಿಸುತ್ತದೆ.

ಇಷ್ಟಾದ ಮೇಲೂ ಉಳಿಯುವ ಕಣಗಳಿಗೆ ಹರಿಯುವ ನೀರಿನಲ್ಲೇ ಸೋಸುವ ಉಪಕರಣ ಬೇಕು. ಮರಳಿಗೆ ನಾನು ಮೆಚ್ಚುವುದು ಹೈಡ್ರೋಸೈಕ್ಲೋನ್. ಶಂಕುವಿನಾಕಾರದ ಪಾತ್ರೆಯೊಳಗೆ ನೀರು ಸುತ್ತುತ್ತಾ ಇಳಿಯುವಾಗ ಭಾರದ ಕಣಗಳು ಗೋಡೆಗೆ ಸರಿದು ಕೆಳಗಿನ ಕೋಣೆಯಲ್ಲಿ ಸೇರುತ್ತವೆ. ಕಟ್ಟಿಕೊಳ್ಳುವ ಜಾಲರಿಯಾಗಲಿ ಚಲಿಸುವ ಭಾಗವಾಗಲಿ ಇದರಲ್ಲಿಲ್ಲ. ಸುಮಾರು 75 ಮೈಕ್ರಾನಿಗಿಂತ ದೊಡ್ಡ ಮರಳಿಗೆ ಇದು ಚೆನ್ನಾಗಿ ಒಪ್ಪುತ್ತದೆ, ಹಗುರವಾದ ತುಕ್ಕಿನ ಪುಡಿಗೆ ಒಪ್ಪುವುದಿಲ್ಲ. ಇಲ್ಲಿಯೂ ವೇಗದ್ದೇ ನಿರ್ಣಯ. ಮುಂದಿನ ಬೇಡಿಕೆಯನ್ನು ಊಹಿಸಿ ದೊಡ್ಡ ಸೈಕ್ಲೋನ್ ಕೂರಿಸಿದ್ದ ಸ್ಥಾವರವೊಂದನ್ನು ನಾನು ನೋಡಿದ್ದೇನೆ. ನಿಜವಾದ ಹರಿವು ಅದರ ಸಾಮರ್ಥ್ಯದ ಮೂರನೆಯ ಒಂದು ಪಾಲಿನಷ್ಟಿದ್ದುದರಿಂದ ನೀರು ಬಲವಾಗಿ ಸುತ್ತದೆ ಮರಳು ನೇರವಾಗಿ ದಾಟಿಹೋಗುತ್ತಿತ್ತು. ಅದರ ಬದಲು ಸಣ್ಣ ಸೈಕ್ಲೋನ್‌ಗಳನ್ನು ಅಕ್ಕಪಕ್ಕ ಜೋಡಿಸಿ, ಹರಿವು ಕಡಿಮೆಯಾದಾಗ ಕೆಲವನ್ನು ಮುಚ್ಚುವಂತೆ ಮಾಡಿದಾಗ ಮರಳು ಕೆಳಗಿನ ಕೋಣೆಯಲ್ಲಿ ಸಿಗತೊಡಗಿತು.

ವೈ ಸ್ಟ್ರೈನರ್ (ಇಂಗ್ಲಿಷಿನ Y ಆಕಾರದ, ಓರೆ ಕಾಲಿನೊಳಗೆ ಜಾಲರಿಯಿರುವ ಉಪಕರಣ) ಹಾಕುವಾಗ ಮೈಮೇಲಿನ ಬಾಣದ ಗುರುತು ಹರಿವಿನ ದಿಕ್ಕಿಗಿರಬೇಕು, ಅಡ್ಡ ಕೊಳವೆಯಲ್ಲಿ ಜಾಲರಿಯ ಕಾಲು ಕೆಳಮುಖವಾಗಿರಬೇಕು. ಮೇಲ್ಮುಖವಾಗಿದ್ದರೆ ಸಿಕ್ಕ ಹೂಳು ಹರಿವು ನಿಂತೊಡನೆ ಕೊಳವೆಗೇ ಮರಳಿ ಬೀಳುತ್ತದೆ. 200 ಮೆಶ್ (ಅಂಗುಲಕ್ಕೆ 200 ಕಣ್ಣುಗಳ) ಜಾಲರಿಯ ಕಣ್ಣು ಸುಮಾರು 75 ಮೈಕ್ರಾನ್, 100 ಮೆಶ್ ಎಂದರೆ ಸುಮಾರು 150 ಮೈಕ್ರಾನ್. ಅದಕ್ಕಿಂತ ನಯವಾದದ್ದಕ್ಕೆ ಕಾರ್ಟ್ರಿಜ್ ಬೇಕು, ಅದು ಸದಾ ಒರಟು ಜಾಲರಿಯ ನಂತರ ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಫಿಲ್ಟರಿನ ಹಿಂದೆ ಒಂದು, ಮುಂದೆ ಒಂದು ಪ್ರೆಷರ್ ಗೇಜ್ ಇರಲೇಬೇಕು. ಹೊಸ ಕಾರ್ಟ್ರಿಜ್ ಹಾಕಿದ ದಿನ ಎರಡರ ವ್ಯತ್ಯಾಸ ಎಷ್ಟಿತ್ತೆಂದು ಬರೆದಿಟ್ಟುಕೊಂಡರೆ, ಅದು ಎಷ್ಟು ಏರಿದೆ ಎಂಬುದರಿಂದ ಬದಲಿಸುವ ಸಮಯ ತಿಳಿಯುತ್ತದೆ. ತಿಂಗಳ ಲೆಕ್ಕ ಹಿಡಿದು ಬದಲಿಸುವುದರಲ್ಲಿ ಅರ್ಥವಿಲ್ಲ. ವ್ಯತ್ಯಾಸ ಇದ್ದಕ್ಕಿದ್ದಂತೆ ಇಳಿದರೆ ಕಾರ್ಟ್ರಿಜ್ ಹರಿದಿದೆ ಅಥವಾ ಸೀಲ್ ಬಿಟ್ಟಿದೆ ಎಂದು ತಿಳಿದು ಕೂಡಲೇ ಬಿಚ್ಚಿ ನೋಡಬೇಕು.

ಪ್ರತಿ ಸಲ ತೊಳೆದಾಗಲೂ ಕೊಳವೆಯ ಗುರುತು, ಸಾಧಿಸಿದ ವೇಗ, ತಿಳಿಯಾಗಲು ಹಿಡಿದ ಸಮಯ ಮತ್ತು ಬಂದ ಹೂಳಿನ ಬಣ್ಣವನ್ನು ಪುಸ್ತಕದಲ್ಲಿ ದಾಖಲಿಸುವಂತೆ ನನ್ನೊಂದಿಗೆ ಕೆಲಸ ಮಾಡುವ ಎಲ್ಲರಿಗೂ ಹೇಳುತ್ತೇನೆ. ಒಂದೇ ಕೊಳವೆಯಲ್ಲಿ ಮರಳು ಮತ್ತೆ ಮತ್ತೆ ಕಂಡರೆ ಮೂಲದಲ್ಲೋ ಒಡೆದ ಕೀಲಿನಲ್ಲೋ ಹುಡುಕಬೇಕು. ಕಂದು ಗಸಿ ಪ್ರತಿ ಸಲವೂ ಹಿಂದಿನದಕ್ಕಿಂತ ಬೇಗ ಮರುಕಳಿಸುತ್ತಿದ್ದರೆ ಕೊಳವೆಯ ಗೋಡೆಯೇ ಕರಗುತ್ತಿದೆ. ಅಂಥ ಕಡೆ ತೊಳೆಯುವ ಅವಧಿಯನ್ನು ಹತ್ತಿರಕ್ಕೆ ತರುವುದರ ಬದಲು ಒಳಗೋಡೆಗೆ ಸಿಮೆಂಟಿನ ಲೇಪನ ಮಾಡಿಸಲು ಅಥವಾ ಕೊಳವೆಯನ್ನೇ ಬದಲಿಸಲು ಪ್ರಸ್ತಾವ ಕಳುಹಿಸಬೇಕು, ಮತ್ತು ಆ ಪ್ರಸ್ತಾವದೊಂದಿಗೆ ಈ ಪುಸ್ತಕದ ಪುಟಗಳನ್ನು ಲಗತ್ತಿಸಬೇಕು.