ಮಂಚ ಬಿಚ್ಚುವ ಭಾನುವಾರ

ತೋಳಿನ ಮೇಲೆ ಸಾಲಾಗಿ ಮೂರು ಕೆಂಪು ದದ್ದು ಎದ್ದರೆ ಸಾಕು, ತಿಗಣೆಯೇ ಎಂದು ತೀರ್ಮಾನಿಸುವವರೇ ಹೆಚ್ಚು. ಸೊಳ್ಳೆ ಕಡಿದರೂ ಹಾಗೇ ಕಾಣಬಹುದು. ಬೆರಳ ಸಂದಿಯಲ್ಲಿ ನವೆ ಜೋರಾಗಿದ್ದರೆ ಕಜ್ಜಿಯೂ ಇರಬಹುದು, ಅದರ ಮದ್ದೇ ಬೇರೆ. ಒಂದೇ ಮಂಚದಲ್ಲಿ ಮಲಗುವ ಗಂಡನಿಗೆ ಮೈತುಂಬ ದದ್ದು, ಹೆಂಡತಿಗೆ ಏನೂ ಇಲ್ಲ ಎಂಬುದೂ ಉಂಟು. ಕಡಿತ ಇಬ್ಬರಿಗೂ ಬಿದ್ದಿರುತ್ತದೆ, ದದ್ದು ಏಳುವುದು ಒಬ್ಬರಿಗೆ ಮಾತ್ರ. ಆದ್ದರಿಂದ ಮೈ ನೋಡುವುದಕ್ಕಿಂತ ಮಂಚ ನೋಡುವುದು ಮೇಲು.

ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಇರುವ, ಕೆಳಗೆ ಸಾಮಾನು ತುಂಬುವ ಪ್ಲೈವುಡ್ ಮಂಚವನ್ನೇ ತೆಗೆದುಕೊಳ್ಳೋಣ. ಭಾನುವಾರ ಬೆಳಿಗ್ಗೆ 7ಕ್ಕೆ ಕೈ ಹಚ್ಚಿದರೆ ಸಂಜೆ 5ಕ್ಕೆ ಮುಗಿಯುತ್ತದೆ. ಬೇಕಾಗುವುದು ಟಾರ್ಚ್, ಸ್ಕ್ರೂಡ್ರೈವರ್, ಹಳೇ ಎಟಿಎಂ ಕಾರ್ಡ್, ಒರಟು ಬ್ರಷ್, ಅಗಲದ ಟೇಪ್, ಕಟ್ಟಿ ಬಿಗಿಯಬಹುದಾದ ದೊಡ್ಡ ಪ್ಲಾಸ್ಟಿಕ್ ಚೀಲಗಳು.

ಮೊದಲು ಹಾಸಿಗೆಯ ಅಂಚಿನ ಹೊಲಿಗೆ, ಅದರಲ್ಲೂ ತಲೆದಿಂಬಿನ ಕಡೆಯದು. ಬಾಲ್ ಪೆನ್ನಿನಿಂದ ಚುಕ್ಕಿ ಇಟ್ಟಂತೆ ಕಪ್ಪು ಕಲೆಗಳಿದ್ದರೆ ಒದ್ದೆ ಹತ್ತಿಯಿಂದ ಉಜ್ಜಿ. ಕಂದು ಬಣ್ಣವಾಗಿ ಹರಡಿದರೆ ಅದು ತಿಗಣೆಯ ಹಿಕ್ಕೆ, ಅಂದರೆ ಅರಗಿದ ರಕ್ತ. ಬೆಳೆದ ತಿಗಣೆ ಹುರುಳಿಕಾಳಿನಷ್ಟು, ಬಣ್ಣವೂ ಹೆಚ್ಚು ಕಡಿಮೆ ಅದೇ, ಚಪ್ಪಟೆ. ಈಗಷ್ಟೇ ಮೊಟ್ಟೆಯಿಂದ ಬಂದ ಮರಿ ರಾಗಿ ಕಾಳಿನಷ್ಟಿದ್ದು ನೀರಿನ ಬಣ್ಣ. ರಕ್ತ ಕುಡಿದ ಮೇಲೆ ಹೊಟ್ಟೆ ಕೆಂಪಗೆ ಹೊಳೆಯುತ್ತದೆ. ಮೊಟ್ಟೆ ಒಂದು ಮಿಲಿಮೀಟರು, ಗಸಗಸೆಯ ಹಾಗೆ, ಆದರೆ ಕೊಂಚ ಉದ್ದ. ಗಸಗಸೆ ಊದಿದರೆ ಹಾರುತ್ತದೆ, ಇದು ಅಂಟಿಕೊಂಡಿರುತ್ತದೆ. ಈ ಅಂಟನ್ನು ನೆನಪಿಡಿ, ಮುಂದೆ ಎಲ್ಲ ಕೆಡುವುದು ಇದರಿಂದಲೇ.

ಮಂಚದ ತಲೆಹಲಗೆಯನ್ನು ಬಿಚ್ಚದೆ ಬಿಟ್ಟರೆ ಅರ್ಧ ಕೆಲಸ ಮಾಡಿದಂತೆಯೂ ಅಲ್ಲ. ಸ್ಕ್ರೂ ಕಳಚಿ ಹಲಗೆ ಸರಿಸಿದಾಗ ಒಂದು ನಾತ ಬರುತ್ತದೆ, ಕೊಳೆತ ಕೊತ್ತಂಬರಿ ಸೊಪ್ಪಿನದಕ್ಕೆ ಹತ್ತಿರ. ಎರಡು ಹಲಗೆ ಕೂಡುವ ಗೆರೆ, ಸ್ಕ್ರೂ ತೂತು, ಮೈಕಾ ಎದ್ದ ಮೂಲೆ, ಇವೇ ಅವುಗಳ ಮನೆ. ಎಟಿಎಂ ಕಾರ್ಡು ತೂರಿಸಿ ಗೆರೆಯುದ್ದಕ್ಕೂ ಎಳೆದರೆ ಹೊರಗೆ ಬೀಳುತ್ತವೆ. ಟೇಪಿನಿಂದ ಒತ್ತಿ ಎತ್ತಿಕೊಳ್ಳಿ. ತಿಗಣೆ ಹಾರುವುದೂ ಇಲ್ಲ, ನೆಗೆಯುವುದೂ ಇಲ್ಲ, ಆದ್ದರಿಂದ ಗಾಬರಿ ಬೇಡ. ಕಬ್ಬಿಣದ ಮಂಚವಾದರೆ ಕೊಳವೆಯ ಬಾಯಿ ನೋಡಿ. ಅಲ್ಲಿನ ಪ್ಲಾಸ್ಟಿಕ್ ಬಿರಡೆ ಬಿದ್ದುಹೋಗಿದ್ದರೆ ಒಳಗೇ ಒಂದು ಸಂಸಾರವಿರುತ್ತದೆ. ಹೊರಗೆ ಒಯ್ದು ಒಳಕ್ಕೆ ಕುದಿಯುವ ನೀರು ಸುರಿದು, ಒಣಗಿಸಿ, ಹೊಸ ಬಿರಡೆ ಹಾಕಬೇಕು.

ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕಿರಿದಾದ ಮೂತಿ ಹಾಕಿ ಎಳೆಯಿರಿ, ಆದರೆ ಮೊಟ್ಟೆ ಬರಬೇಕಾದರೆ ಮೊದಲು ಬ್ರಷ್ಷಿನಿಂದ ಕೆರೆಯಲೇಬೇಕು. ಮುಗಿದ ತಕ್ಷಣ ಒಳಗಿನ ಕಸವನ್ನು ಚೀಲದಲ್ಲಿ ಬಿಗಿದು ಹೊರಗೆ ಹಾಕಿ. ಆಮೇಲೆ ಹಬೆ. ಬಟ್ಟೆಗೆ ಹಿಡಿಯುವ ಸ್ಟೀಮರ್ ಸಾಕು, ಅವಸರ ಮಾತ್ರ ಸಲ್ಲದು. ಒಂದು ಅಡಿ ಉದ್ದಕ್ಕೆ 10ರಿಂದ 15 ಸೆಕೆಂಡು. ಮೂತಿಗೆ ಬಟ್ಟೆ ಸುತ್ತದಿದ್ದರೆ ಹಬೆಯ ರಭಸಕ್ಕೆ ಮರಿಗಳು ಸಾಯುವ ಬದಲು ಆಚೆ ಹಾರಿ ಬೀಳುತ್ತವೆ. ಸ್ವಿಚ್ ಬೋರ್ಡಿನ ಹತ್ತಿರ ಹಬೆ, ನೀರು ಎರಡೂ ಬೇಡ.

ಇಷ್ಟರಲ್ಲಿ ಯಾರಾದರೂ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಅನ್ನುತ್ತಾರೆ. ಹಿಂದಿನವರು ಹಗ್ಗದ ಮಂಚವನ್ನು ಅಂಗಳಕ್ಕೆ ತಂದು, ಕುಟ್ಟಿ, ಕುದಿನೀರು ಹೊಯ್ಯುತ್ತಿದ್ದರು. ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ಕುದಿನೀರು. ದಪ್ಪ ಹಾಸಿಗೆಯ ಒಳಭಾಗ ಕಲಬುರಗಿಯ ಮೇ ಬಿಸಿಲಿಗೂ ಸಾಕಷ್ಟು ಕಾಯುವುದಿಲ್ಲ, ತಿಗಣೆ ನೆರಳಿನ ಮಗ್ಗುಲಿಗೆ ಸರಿದುಕೊಳ್ಳುತ್ತದೆ. 45 ಡಿಗ್ರಿಯಲ್ಲಿ ಮೊಟ್ಟೆಗಳು ಗಂಟೆಗಟ್ಟಲೆ ತಾಳುತ್ತವೆ. 50 ದಾಟಿದರೆ ನಿಮಿಷಗಳ ಮಾತು. ಹಾಗಾಗಿ ಹೊದಿಕೆ, ಪರದೆ, ದಿಂಬಿನ ಕವರುಗಳನ್ನು ಕೋಣೆಯಲ್ಲೇ ಚೀಲಕ್ಕೆ ತುಂಬಿ ಒಯ್ದು, ಮಷೀನಿನಲ್ಲಿ 60 ಡಿಗ್ರಿಗೆ ಒಗೆಯಿರಿ. ಆ ಸೌಕರ್ಯ ಇಲ್ಲದಿದ್ದರೆ ಹತ್ತಿ ಬಟ್ಟೆಯನ್ನು ಕುದಿನೀರಲ್ಲಿ ನೆನೆಸಿ, ಒಣಗಿದ ಮೇಲೆ ಹೊಲಿಗೆಗಳ ಮೇಲೆ ಇಸ್ತ್ರಿ ಎಳೆಯಿರಿ. ಹಾಸಿಗೆಗೆ ಜಿಪ್ ಇರುವ ಮುಚ್ಚುಗವಸು ಹಾಕಿ ಒಂದು ವರ್ಷ ತೆಗೆಯದಿದ್ದರೆ ಒಳಗಿದ್ದವು ಅಲ್ಲೇ ಹಸಿದು ಸಾಯುತ್ತವೆ. ಹಾಸಿಗೆಯನ್ನೇ ಬೀದಿಗೆ ಎಸೆಯುವುದು ನೆಗಡಿಗೆ ಮೂಗು ಕೊಯ್ದುಕೊಂಡಂತೆ. ಯಾರೋ ಎತ್ತಿಕೊಂಡು ಹೋಗುತ್ತಾರೆ, ಕಾಟ ಅವರ ಮನೆಗೂ ಹಬ್ಬುತ್ತದೆ.

ಔಷಧದ ವಿಷಯ. ಅಂಗಡಿಯ ಡಬ್ಬಿ ಸ್ಪ್ರೇಗಳಲ್ಲಿ ಬಹುಪಾಲು ಪೈರೆಥ್ರಾಯ್ಡ್ ಜಾತಿಯವು, ಅದಕ್ಕೆ ತಿಗಣೆಗಳು ಎಷ್ಟೋ ಕಡೆ ಒಗ್ಗಿಹೋಗಿವೆ. ಸಾಯದವು ಗೋಡೆಯ ಬಿರುಕು ಹಿಡಿದು ಪಕ್ಕದ ಕೋಣೆಗೆ ದಾಟುತ್ತವೆ. ಹೊಗೆ ಡಬ್ಬಿ ಸಂದಿಯೊಳಗೆ ಇಳಿಯುವುದೇ ಇಲ್ಲ. ಸೀಮೆಎಣ್ಣೆ, ಸ್ಪಿರಿಟ್ ಸುರಿದರೆ ತಿಗಣೆಗಿಂತ ಮೊದಲು ಮನೆಗೆ ಬೆಂಕಿ ಬೀಳುತ್ತದೆ. ಧಾನ್ಯಕ್ಕೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಮನೆಯೊಳಗೆ ತರಲೇಬೇಡಿ. ಅದರಿಂದ ಹೊರಡುವ ಫಾಸ್ಫೀನ್ ಅನಿಲಕ್ಕೆ ಮರುಮದ್ದಿಲ್ಲ, ಬಾಗಿಲ ಸಂದಿಯಿಂದ ಪಕ್ಕದ ಮನೆಗೂ ಹೋಗುತ್ತದೆ. ಔಷಧ ಹೊಡೆಯುವವರನ್ನು ಕರೆದರೆ ಎರಡು ಪ್ರಶ್ನೆ ಕೇಳಿ: ಮಂಚ ಬಿಚ್ಚಿ ಸಂದಿಗೆ ಹೊಡೆಯುತ್ತೀರಾ, ಎರಡನೇ ಸಲ ಯಾವತ್ತು ಬರುತ್ತೀರಾ? ಎರಡನೆಯದಕ್ಕೆ ಉತ್ತರವಿಲ್ಲದವರನ್ನು ಕಳಿಸಿಬಿಡಿ.

ಏಕೆಂದರೆ ಅಂಟಿಕೊಂಡು ಉಳಿದ ಮೊಟ್ಟೆ 6ರಿಂದ 10 ದಿನಕ್ಕೆ ಒಡೆಯುತ್ತದೆ. ಹೊಸ ಮರಿ ಐದು ಸಲ ಪೊರೆ ಬಿಟ್ಟು, ಪ್ರತಿ ಸಲಕ್ಕೂ ಮುಂಚೆ ರಕ್ತ ಕುಡಿದು ಬೆಳೆಯಬೇಕು. ಅವು ದೊಡ್ಡವಾಗಿ ಮತ್ತೆ ಮೊಟ್ಟೆ ಇಡುವ ಮೊದಲೇ, 12ರಿಂದ 14ನೇ ದಿನದೊಳಗೆ, ಇಡೀ ಕೆಲಸ ಮತ್ತೊಮ್ಮೆ ಆಗಬೇಕು. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ. ವಾರ ಕಡಿತವಿಲ್ಲ, ಹೋಯಿತು ಎಂದು ಕೈ ತೊಳೆದುಕೊಳ್ಳುತ್ತಾರೆ.

ಸಂಜೆ ಮಂಚ ಜೋಡಿಸುವಾಗ ಸ್ಕ್ರೂ ತೂತು, ಗೋಡೆಯ ಮೊಳೆ ತೂತುಗಳಿಗೆ ಪುಟ್ಟಿ ತುಂಬಿ. ಮಂಚ ಗೋಡೆಯಿಂದ ಒಂದು ಗೇಣು ದೂರವಿರಲಿ, ಹೊದಿಕೆ ನೆಲ ಮುಟ್ಟದಿರಲಿ. ಕಾಲಿರುವ ಮಂಚವಾದರೆ ನುಣುಪು ಗೋಡೆಯ ಪ್ಲಾಸ್ಟಿಕ್ ಬಟ್ಟಲು ಒಂದೊಂದಕ್ಕೂ ಇಟ್ಟು, ಒಳಗೆ ತೆಳ್ಳಗೆ ಟಾಲ್ಕಂ ಪೌಡರ್ ಸವರಿ. ಹತ್ತಲು ಬಂದದ್ದು ಜಾರಿ ಬಿದ್ದು ಅಲ್ಲೇ ಉಳಿಯುತ್ತದೆ. ಹೊರಮೈಗೆ ಒರಟು ಟೇಪ್ ಸುತ್ತಿದರೆ ಅದು ಬಟ್ಟಲು ಹತ್ತಿ ಒಳಗೆ ಬೀಳಲು ಅನುಕೂಲ. ಆ ರಾತ್ರಿ ಅದೇ ಮಂಚದಲ್ಲೇ ಮಲಗಬೇಕು. ಹಾಲಿಗೆ ಹೋಗಿ ಮಲಗಿದರೆ ಅವೂ ಹುಡುಕಿಕೊಂಡು ಹಾಲಿಗೆ ಬರುತ್ತವೆ. ನವೆಗೆ ಸೋಪು ನೀರು, ತಣ್ಣೀರ ಬಟ್ಟೆ, ಕ್ಯಾಲಮೈನ್ ಲೋಷನ್ ಸಾಕಾಗುತ್ತದೆ. ಕೆರೆದು ಕೀವಾದರೆ ಡಾಕ್ಟರಿಗೆ ತೋರಿಸಿ. ತಿಗಣೆ ರೋಗ ಹರಡಿದ್ದಕ್ಕೆ ಪುರಾವೆಯಿಲ್ಲ.

ಇನ್ನು ಮೇಲೆ ಸೆಕೆಂಡ್ ಹ್ಯಾಂಡ್ ಮಂಚ, ಸೋಫಾ ಹೊಸ್ತಿಲು ದಾಟುವ ಮೊದಲು ಟಾರ್ಚ್ ಬಿಡಿ. ಪಿಜಿಯಿಂದ, ಹಾಸ್ಟೆಲ್ಲಿನಿಂದ ಬಂದ ಬ್ಯಾಗನ್ನು ಹಾಸಿಗೆ ಮೇಲೆ ಇಡದೆ ಬಾಲ್ಕನಿಯಲ್ಲೇ ಬಿಚ್ಚಿ. ಬಟ್ಟಲುಗಳನ್ನು ವಾರಕ್ಕೊಮ್ಮೆ ನೋಡಿ ತಾರೀಖು ಬರೆದಿಡಿ. ಎಂಟು ವಾರ ಖಾಲಿ ಇದ್ದರೆ ಎತ್ತಿಡಬಹುದು. ಆರನೇ ವಾರದಲ್ಲಿ ಒಂದೇ ಒಂದು ಮರಿ ಪೌಡರಿನಲ್ಲಿ ಹೊರಳುತ್ತಿದ್ದರೂ ಸ್ಕ್ರೂಡ್ರೈವರ್ ಮತ್ತೆ ಹೊರಗೆ ಬರಬೇಕು, ಎಣಿಕೆ ಒಂದರಿಂದ ಶುರುವಾಗಬೇಕು.