ಬಿಯರ್ ಕ್ಯಾನಿನೊಳಗೆ ಸೂಜಿ

ಮಧ್ಯಾಹ್ನ ಊಟ ಮಾಡ್ತಾ ಸುಮ್ನೆ ಹಳೆಯ ಬೇಸ್‌ಬಾಲ್ ವಿಡಿಯೋ ನೋಡುತ್ತಿದ್ದೆ. ಅಮೆರಿಕದ ಎಸೆತಗಾರ ರೋಜರ್ ಕ್ಲೆಮೆನ್ಸ್ ಎಸೆತ. 354 ಗೆಲುವು, ವರ್ಷದ ಅತ್ಯುತ್ತಮ ಎಸೆತಗಾರನಿಗೆ ಕೊಡೋ ಸೈ ಯಂಗ್ ಪ್ರಶಸ್ತಿ ಏಳು. ಅಷ್ಟು ಸಲ ಬೇರೆ ಯಾರಿಗೂ ಬಂದಿಲ್ಲ.

ಆದರೆ ನನ್ನ ತಲೆಯಲ್ಲಿ ಕೂತಿದ್ದು ಒಂದು ಬಿಯರ್ ಕ್ಯಾನ್.

ಅವನ ಟ್ರೇನರ್, ಕ್ಲೆಮೆನ್ಸ್‌ಗೆ ಸ್ಟಿರಾಯ್ಡ್ ಅನ್ನೋ ಬಲ ಹೆಚ್ಚಿಸೋ ಮದ್ದು ಚುಚ್ಚಿದ್ದು ಅಂತ ತಾನೇ ಹೇಳಿದ ಸೂಜಿ, ಹತ್ತಿ ಎಲ್ಲ ಅದರೊಳಗೆ ತುಂಬಿ ವರ್ಷಗಟ್ಟಲೆ ಮನೆಯಲ್ಲೇ ಇಟ್ಟುಕೊಂಡಿದ್ದನಂತೆ! ಕೊನೆಗೆ ಅದೇ ಕೋರ್ಟಿಗೆ ಬಂತು. ಜೊತೆಗಿದ್ದವನೇ ಹೀಗೆ ಎತ್ತಿಡ್ತಾನೆ ಅಂದ್ರೆ, ಅದೆಂಥ ಸ್ನೇಹ ಮಾರಾಯ್ರೇ?

ಸ್ಟಿರಾಯ್ಡ್ ಮುಟ್ಟಿಲ್ಲ ಅಂತ ಕ್ಲೆಮೆನ್ಸ್ ಅಮೆರಿಕದ ಸಂಸತ್ತಿಗೆ ಸುಳ್ಳು ಹೇಳಿದ ಅನ್ನೋ ಕೇಸು. 2012ರಲ್ಲಿ ಜ್ಯೂರಿ ಎಲ್ಲ ಆರೋಪದಿಂದಲೂ ಬಿಟ್ಟಿತು.

ಬೇಸ್‌ಬಾಲ್ ದಿಗ್ಗಜರನ್ನು ಸೇರಿಸೋ ಗೌರವ ಪಟ್ಟಿ, ಹಾಲ್ ಆಫ್ ಫೇಮ್‌ಗೆ ಓಟು ಹಾಕೋ ಪತ್ರಕರ್ತರು ಮಾತ್ರ ಬಿಡಲಿಲ್ಲ. ಬೇಕಿದ್ದದ್ದು ಶೇ. 75. ಹತ್ತನೆಯ, ಕೊನೆಯ ಸಲ, 2022ರಲ್ಲಿ, ಸಿಕ್ಕಿದ್ದು 65.2. ಕೋರ್ಟಿನಲ್ಲಿ ಸಾಬೀತಾಗದ್ದನ್ನು ಓಟಿನಲ್ಲಿ ತೀರಿಸಿಕೊಳ್ಳೋದು ನನಗ್ಯಾಕೋ ಸರಿ ಕಾಣಲಿಲ್ಲ. ನೀವೇನಂತೀರಿ?