ಈಸಿ ಚೇರಿನ ಎಡಗೈ

ಕೊಪ್ಪದ ಹತ್ತಿರ ನಮ್ಮ ಹಳೆ ಮನೆಯ ಜಗಲಿಯಲ್ಲಿ ಒಂದು ಈಸಿ ಚೇರಿದೆ. ಕೈ ಎಷ್ಟು ಉದ್ದವೆಂದರೆ ಅದರ ಮೇಲೆ ಕಾಲು ಚಾಚಿ ಮಲಗಬಹುದು. ಎಡಗೈಯನ್ನು ಗೆದ್ದಲು ಒಳಗೊಳಗೇ ತಿಂದು ಮುಗಿಸಿತ್ತು. ಮೇಲೆ ಪಾಲಿಶ್ ಇತ್ತು, ಒಳಗೆ ಮರವಿರಲಿಲ್ಲ. ಹೊಸ ಕೈ ಮಾಡೋಣವೆಂದು ಮರದ ಅಂಚು ಕೆತ್ತುವ ಕೈಮಷೀನಾದ ಟ್ರಿಮ್ಮರ್ ರೂಟರ್, ಅದಕ್ಕೆ ಸಿಕ್ಕಿಸುವ ತಿರುಗುವ ಅಲಗುಗಳ, ಅಂದರೆ ಬಿಟ್‌ಗಳ ಡಬ್ಬಿ ಕಟ್ಟಿಕೊಂಡು ಹೋದೆ. ಊರಿನ ಆಚಾರ್ರು ನೋಡಿ, "ಇಷ್ಟಕ್ಕೆಲ್ಲ ಮಷೀನ್ ಯಾಕೆ? ಒಂದು ರಟ್ಟು ತನ್ನಿ, ಗೀರಿ ಕೆತ್ತಿ ಕೊಡ್ತೀನಿ" ಅಂದರು. ಅವರು ಕೊಡುತ್ತಾರೆ, ಸಂಶಯವಿಲ್ಲ. ಆದರೆ ಕೆತ್ತುವ ಖುಷಿ ನನಗೆ ಬೇಕಿತ್ತು.

ಬಲಗೈ ಗಟ್ಟಿಯಾಗಿತ್ತು. ಬಿಚ್ಚಿ, 9 ಮಿ.ಮೀ. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ) ಹಲಗೆ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೀರಿಕೊಂಡೆ. ಆ ಗೆರೆಗೆ ಕತ್ತರಿಸಿದ ಹಲಗೆಯೇ ಅಚ್ಚು, ಅದನ್ನು ಮಗುಚಿದರೆ ಎಡಗೈ. ಹಳೆ ಕೈಯನ್ನೇ ಅಚ್ಚಾಗಿ ಬಳಸಬಹುದಲ್ಲ ಅನ್ನಬಹುದು. ಬೇಡ. ರೂಟರ್ ಬಿಟ್ಟಿಗೆ ಅಂಟಿಕೊಂಡ ಪುಟ್ಟ ಬೇರಿಂಗ್ ಅಚ್ಚಿನ ಅಂಚು ಹಿಡಿದು ಉರುಳುತ್ತದೆ, ಅಂಚಿನಲ್ಲಿ ಏನಿದೆಯೋ ಅದನ್ನೇ ಮರಕ್ಕಿಳಿಸುತ್ತದೆ. ಅರವತ್ತು ಎಪ್ಪತ್ತು ವರ್ಷದ ತಗ್ಗು, ಗೀರು, ಯಾರೋ ಅಡಿಕೆ ಒಡೆದ ಗುರುತು, ಎಲ್ಲವೂ ಹೊಸ ಕೈಗೂ ಬರುತ್ತಿತ್ತು.

ಹಾಗಾಗಿ ಬೆಳಗ್ಗೆಯೆಲ್ಲ ಹೋದದ್ದು ಎಂ.ಡಿ.ಎಫ್. ಉಜ್ಜುವುದಕ್ಕೆ. ಮುಂದೆ ದೋಣಿಯ ಹುಟ್ಟಿನಂತೆ ಅಗಲ, ನಡುವೆ ಸಣ್ಣ ಸೊಂಟ, ಹಿಂದೆ ಮತ್ತೆ ಅಗಲ. ಬಾಗು ಸರಿಯಿದೆ ಎಂದು ಕಣ್ಣು ಹೇಳಿದ ಮೇಲೂ ಉಗುರಿನ ಹಿಂಬದಿಯಿಂದ ಅಂಚನ್ನು ಸವರಿದರೆ ಎಲ್ಲೋ ಒಂದು ಉಬ್ಬು ತಡೆಯುತ್ತದೆ. 120ರ ಉಪ್ಪುಕಾಗದವನ್ನು ಬಾಗುವ ತೆಳು ಪಟ್ಟಿಗೆ ಅಂಟಿಸಿ ಮತ್ತೆ ಉಜ್ಜಬೇಕು. ಈ ಪುಡಿ ಮೂಗಿಗೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಮುಟ್ಟಬಾರದು.

ಅಚ್ಚು ಮಗುಚಿ ಎಡಗೈಯ ಅವಶೇಷದ ಮೇಲಿಟ್ಟಾಗ ಗೊತ್ತಾಯಿತು, ಎರಡು ಕೈ ಒಂದೇ ಅಳತೆಯವಲ್ಲ! ಮುಂದುಗಡೆ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ. ಆ ಕಾಲದವರು ಕಣ್ಣಳತೆಯಲ್ಲೇ ಮಾಡಿದ್ದರು, ಯಾರಿಗೂ ಗೊತ್ತಾಗಿರಲಿಲ್ಲ. ಆಕಾರವನ್ನು ಬಲಗೈಯಿಂದ, ಬೋಲ್ಟಿನ ತೂತುಗಳ ಜಾಗವನ್ನು ಎಡಗೈಯಿಂದ ತೆಗೆದುಕೊಂಡೆ.

ಮರ ಹಲಸು, ಚೆನ್ನಾಗಿ ಒಣಗಿದ 22 ಮಿ.ಮೀ. ಹಲಗೆ. ಜಿಗ್‌ಸಾದಲ್ಲಿ ಗೆರೆಯಿಂದ 2 ಮಿ.ಮೀ. ಹೊರಗೆ ಕತ್ತರಿಸಿದೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ಸಣ್ಣ ರೂಟರ್ ಒದ್ದಾಡುತ್ತದೆ. ಅಚ್ಚು ಕೂರಿಸಲು ಅಚ್ಚಿಗೂ ಮರಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ, ಟೇಪಿನ ಬೆನ್ನುಗಳ ನಡುವೆ ಸೂಪರ್ ಗ್ಲೂ ಬಿಟ್ಟು ಒತ್ತಿದೆ. ಮೊಳೆ ಬೇಕಿಲ್ಲ, ಆಮೇಲೆ ಟೇಪ್ ಸುಲಿದರೆ ಮರ ಸ್ವಚ್ಛ.

ಬಿಟ್ ಎರಡು ಬೇಕಾದವು. ಒಂದಕ್ಕೆ ಬೇರಿಂಗ್ ಮೇಲೆ, ಶ್ಯಾಂಕಿನ (ರೂಟರಿಗೆ ಸಿಕ್ಕಿಸುವ ಬುಡದ) ಪಕ್ಕ, ಇನ್ನೊಂದಕ್ಕೆ ತುದಿಯಲ್ಲಿ. ಒಂದೇ ಸಾಲದೇ ಎಂದರೆ, ಸೊಂಟದ ಬಾಗಿನಲ್ಲಿ ಸಾಲದು. ಹೊರ ಅಂಚಿನಲ್ಲಿ ರೂಟರನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಓಡಿಸಬೇಕು, ಇಲ್ಲದಿದ್ದರೆ ಬಿಟ್ ಮರವನ್ನು ಕಚ್ಚಿ ಮುಂದಕ್ಕೆ ನೆಗೆಯುತ್ತದೆ. ಹಾಗೆ ಹೋಗುವಾಗ ಅಗಲದಿಂದ ಸಣ್ಣಕ್ಕೆ ಇಳಿಯುವವರೆಗೆ ನಾರು ಸುಮ್ಮನೆ ಮಲಗುತ್ತದೆ. ಸಣ್ಣದರಿಂದ ಅಗಲಕ್ಕೆ ಹತ್ತುವಾಗ ಅದೇ ನಾರು ಎದುರಾಗಿ ಸಿಬಿರೆದ್ದು ಕಿತ್ತು ಬರುತ್ತದೆ. ಆದ್ದರಿಂದ ಇಳಿಜಾರಿನ ಅರ್ಧವನ್ನಷ್ಟೇ ಮೇಲು ಬೇರಿಂಗ್ ಬಿಟ್ಟಿನಲ್ಲಿ ಮುಗಿಸಿ, ಅಚ್ಚು ಬಿಚ್ಚದೆ ಇಡೀ ತುಂಡನ್ನೇ ಮಗುಚಿ, ಉಳಿದರ್ಧವನ್ನು ತುದಿ ಬೇರಿಂಗ್ ಬಿಟ್ಟಿನಲ್ಲಿ ತೆಗೆದೆ. ಮಗುಚಿದ ಮೇಲೆ ಅದೂ ಇಳಿಜಾರೇ.

ಜಗಲಿಯೆಲ್ಲ ಹಳದಿ ಪುಡಿ. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕೊಡಲು ಕುದಿಸುತ್ತಿದ್ದದ್ದು ಇದೇ ಹಲಸಿನ ಪುಡಿಯನ್ನು. ನಮ್ಮಮ್ಮನಿಗೆ ಮಾತ್ರ ಅದು ಗುಡಿಸಬೇಕಾದ ಕಸ.

ಮಷೀನಿನ ಕೆಲಸ ಅರ್ಧ ಗಂಟೆಯೂ ಹಿಡಿಯಲಿಲ್ಲ. ಆಚಾರ್ರು ಅಂಚಿನ ಮೇಲೆ ಹೆಬ್ಬೆರಳು ಎಳೆದು, ಏನೂ ಹೇಳದೆ, ಪಕ್ಕದಲ್ಲಿ ಬಿದ್ದಿದ್ದ ಅಚ್ಚನ್ನೂ ಎತ್ತಿ ಹಾಗೇ ಸವರಿದರು. ಕೈ ಕೂರಿಸಿದ್ದಾಯಿತು. ಪಕ್ಕದ್ದಕ್ಕೆ ಹೋಲಿಸಿದರೆ ಹಳದಿ ಕಣ್ಣಿಗೆ ಹೊಡೆಯುತ್ತಿತ್ತು. ಸ್ಟೇನ್ ಹಾಕಲಿಲ್ಲ, ಹಲಸು ತಾನಾಗೇ ಕಂದುಬಣ್ಣಕ್ಕೆ ತಿರುಗುತ್ತದೆ.

ಹೊರಡುವಾಗ ಆಚಾರ್ರು, "ಕೆಳಗಿನ ಮನೆಯವರದ್ದೂ ಇಂಥದ್ದೇ ಕುರ್ಚಿ, ಕೈ ಹೋಗಿದೆ. ಮಷೀನ್ ನೀವೇ ಇಟ್ಕೊಳ್ಳಿ, ಆ ಅಚ್ಚಿನ ಹಲಗೆ ಕೊಟ್ಟು ಹೋಗಿ" ಅಂದರು.